ದೂರು: ಬೋಟೇ ಇಲ್ಲದ ತಿಂಗಳಲ್ಲಿ ಸೈಂಟ್ ಮೇರೀಸ್ ದ್ವೀಪ ತೋರಿಸುತ್ತೇವೆಂದು ಹಣ ಪಡೆದ ಬಗ್ಗೆ

ದಾವಣಗೆರೆ
8 ಸೆಪ್ಟೆಂಬರ್ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಆಗಸ್ಟ್ 30 ಮತ್ತು 31ರ ಉಡುಪಿ–ಗೋಕರ್ಣ ಪ್ಯಾಕೇಜಿನ ಬಗ್ಗೆ ದೂರು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಚೌತಿ ಹಬ್ಬಕ್ಕೆ ನಾವು ಗಂಡ ಹೆಂಡತಿ ಉಡುಪಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹಬ್ಬ ಮುಗಿದ ಮೇಲೆ ಎರಡು ದಿನ ಕರಾವಳಿ ಸುತ್ತೋಣ ಎಂದು ನಿಮ್ಮಲ್ಲಿ 14,800 ರೂಪಾಯಿ ಪೂರ್ತಿ ಮುಂಗಡವಾಗಿ ಕಟ್ಟಿದ್ದೆವು. ಮೊದಲ ದಿನ ಮಲ್ಪೆ, ಸೈಂಟ್ ಮೇರೀಸ್ ದ್ವೀಪ, ಸಂಜೆ ಕಾಪು. ಎರಡನೇ ದಿನ ಮರವಂತೆ, ಮುರುಡೇಶ್ವರ, ಮಿರ್ಜಾನ್ ಕೋಟೆ, ಗೋಕರ್ಣ. ಕಾರು, ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ, ಬೋಟ್ ಟಿಕೆಟ್ ಎಲ್ಲವೂ ಸೇರಿ ಎಂದು ನಿಮ್ಮ ರಸೀದಿಯಲ್ಲೇ ಇದೆ.

ಇವುಗಳಲ್ಲಿ ದ್ವೀಪವನ್ನೂ ನೋಡಲಿಲ್ಲ, ಮಿರ್ಜಾನ್ ಕೋಟೆಯನ್ನೂ ನೋಡಲಿಲ್ಲ, ಗೋಕರ್ಣವನ್ನೂ ನೋಡಲಿಲ್ಲ. ಫೋನಿನಲ್ಲಿ ದೂರು ಹೇಳಿದ ಮೇಲೆ ಸೆಪ್ಟೆಂಬರ್ 3ರಂದು ನಿಮ್ಮಿಂದ ಒಂದು ಮೇಲ್ ಬಂತು. ದ್ವೀಪ ತಪ್ಪಿದ್ದು ಹವಾಮಾನದಿಂದಂತೆ. ಎರಡನೇ ದಿನ ಅರ್ಧಕ್ಕೆ ನಿಂತಿದ್ದು "ಗ್ರಾಹಕರೇ ಸ್ವಇಚ್ಛೆಯಿಂದ ವಾಪಸಾದ" ಕಾರಣಕ್ಕಂತೆ. ಹಾಗಾಗಿ ಹಣ ವಾಪಸ್ ಇಲ್ಲ, ಮುಂದಿನ ಪ್ರವಾಸಕ್ಕೆ 500 ರೂಪಾಯಿ ಕೂಪನ್ ಕೊಡುತ್ತೇವೆ ಎಂದು ಬರೆದಿದ್ದೀರಿ. ಈ ಎರಡೂ ಕಾರಣ ಸುಳ್ಳು. ಹೇಗೆ ಸುಳ್ಳು ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ದ್ವೀಪದ ವಿಷಯ. ಮಳೆಗಾಲದಲ್ಲಿ ಮಲ್ಪೆಯಿಂದ ಸೈಂಟ್ ಮೇರೀಸ್‌ಗೆ ಪ್ರವಾಸಿಗರ ಬೋಟ್ ಓಡುವುದಿಲ್ಲ. ಇದು ಈ ವರ್ಷ ಇದ್ದಕ್ಕಿದ್ದಂತೆ ಆದದ್ದಲ್ಲ. ಪ್ರತಿ ವರ್ಷ ಮಳೆ ಶುರುವಾಗುವ ಹೊತ್ತಿಗೆ ನಿಲ್ಲುತ್ತದೆ, ಸಮುದ್ರ ಶಾಂತವಾದ ಮೇಲೆ ಮತ್ತೆ ಬಿಡುತ್ತಾರೆ. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ನಿಷೇಧ ಇರುತ್ತದೆ, ಆಗಸ್ಟಿನಲ್ಲಿ ಅವರು ಕಡಲಿಗೆ ಇಳಿಯುತ್ತಾರೆ. ಆದರೆ ಮಕ್ಕಳು, ವಯಸ್ಸಾದವರು ಕೂರುವ ಬೋಟಿಗೆ ಆಗಲೂ ಅಲೆ ಜಾಸ್ತಿಯೇ. ದ್ವೀಪದ ಹತ್ತಿರ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕಲ್ವಾ? ಅಬ್ಬರದ ಕಡಲಿನಲ್ಲಿ ಅದು ಆಗುವ ಮಾತಲ್ಲ. ಬೋಟ್ ನಿಲ್ಲಿಸಿದವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವರು ಮಾಡಿದ್ದು ಸರಿ. ಇಲ್ಲದ ಬೋಟಿಗೆ ಟಿಕೆಟ್ ಹಣ ಎಣಿಸಿಕೊಂಡ ನಿಮ್ಮ ಮೇಲೆ ನನ್ನ ದೂರು.

ಬುಕ್ ಮಾಡುವ ಮೊದಲೇ ನನ್ನ ಮಗಳು ಅನುಮಾನ ಬಂದು ಕೇಳಿದ್ದಳು. "ಚೌತಿ ಹೊತ್ತಿಗೆ ಬೋಟ್ ಇರುತ್ತಾ?" ಎಂದು ವಾಟ್ಸಾಪ್ ಮಾಡಿದ್ದಳು. "ಈ ವರ್ಷ ಬೇಗ ಶುರುವಾಗಿದೆ ಮೇಡಂ, ಕನ್ಫರ್ಮ್" ಎಂದು ನಿಮ್ಮ ಸಿಬ್ಬಂದಿ ಉತ್ತರ ಕೊಟ್ಟಿದ್ದಾರೆ. ಆ ಸಂದೇಶ ನಮ್ಮ ಹತ್ತಿರ ಇದೆ. ಸ್ಥಳದವಳು ಕೇಳಿದಾಗಲೂ ಧೈರ್ಯವಾಗಿ ಸುಳ್ಳು ಹೇಳುತ್ತೀರಿ ಎಂದರೆ ಬಳ್ಳಾರಿ, ಕಲಬುರಗಿಯಿಂದ ಫೋನ್ ಮಾಡುವವರಿಗೆ ಏನು ಹೇಳುತ್ತೀರೋ!

ಶನಿವಾರ ಬೆಳಿಗ್ಗೆ ಮಲ್ಪೆಗೆ ಹೋದಾಗ ಬೀಚಿನ ಉದ್ದಕ್ಕೂ ಬಲೆ ಕಟ್ಟಿ, ಕೆಂಪು ಬಾವುಟ ನೆಟ್ಟಿದ್ದರು. ಟಿಕೆಟ್ ಕೌಂಟರಿನ ಕಿಟಕಿಗೆ ಹಲಗೆ ಬಡಿದಿತ್ತು. ಮಳೆ ನೀರು ಕುಡಿದು ಆ ಹಲಗೆ ಉಬ್ಬಿಹೋಗಿತ್ತು, ಮೊಳೆಗಳ ಸುತ್ತ ತುಕ್ಕು ಇಳಿದಿತ್ತು. ನಿನ್ನೆ ಮೊನ್ನೆ ಮುಚ್ಚಿದ್ದಲ್ಲ ಅದು. ಪಕ್ಕದಲ್ಲಿ ಟಾರ್ಪಾಲಿನ ಕೆಳಗೆ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ಎದ್ದು ಬಂದರು. "ಈಗ ಬೋಟ್ ಎಲ್ಲಿಂದ ಮಾರಾಯ್ರೇ, ನವರಾತ್ರಿ ಹೊತ್ತಿಗೆ ಬನ್ನಿ" ಎಂದರು. ನಿಮ್ಮ ಪ್ಯಾಕೇಜಿನ ಚೀಟಿ ತೋರಿಸಿದೆ. ಎರಡು ಸಲ ಓದಿ, ಏನೂ ಹೇಳದೆ ವಾಪಸ್ ಕೊಟ್ಟರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಕರಾವಳಿ ಸುತ್ತುವ ಯೋಚನೆ ಹುಟ್ಟಿದ್ದೇ ಆ ದ್ವೀಪದಿಂದ. ಅಲ್ಲಿನ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಬಿರಿದು, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತಿದೆ. ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು. ಇದನ್ನು ಅವರು ಎಷ್ಟೋ ಬ್ಯಾಚಿನ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದಾರೆ. ಕಣ್ಣಾರೆ ಮಾತ್ರ ನೋಡಿಲ್ಲ. ಮಂಡಿ ನೋವು ಜಾಸ್ತಿ ಆಗುವ ಮೊದಲು ಒಮ್ಮೆ ಆ ಕಲ್ಲುಗಳನ್ನು ಮುಟ್ಟಿ ಬರಬೇಕು ಎನ್ನುತ್ತಿದ್ದರು. ನವರಾತ್ರಿಯ ನಂತರ ಬನ್ನಿ ಎಂದು ನೀವು ಒಂದು ಮಾತು ಹೇಳಿದ್ದರೆ ನಾವು ನವರಾತ್ರಿಯ ನಂತರವೇ ಬರುತ್ತಿದ್ದೆವು. ಮಗಳ ಮನೆ ಎಲ್ಲಿ ಹೋಗುತ್ತದೆ?

ಮಳೆಗಾಲದಲ್ಲಿ ಕರಾವಳಿಯಲ್ಲಿ ನೋಡುವಂಥದ್ದು ಇಲ್ಲವೆಂದಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಅಲ್ಲಿನ ಅಲೆಯ ಅಬ್ಬರ ನೋಡಬೇಕು. ಹೊನ್ನಾವರದ ಹತ್ತಿರ ಅಪ್ಸರಕೊಂಡ ಜಲಪಾತ ತುಂಬಿ ಬೀಳುತ್ತಿರುತ್ತದೆ. ಅಲ್ಲೇ ಹತ್ತಿರದ ಕಾಸರಕೋಡಿನಲ್ಲಿ, ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ, ವಯಸ್ಸಾದವರೂ ನಡೆಯಬಹುದು. ಇನ್ನು ಮಿರ್ಜಾನ್ ಕೋಟೆಯನ್ನು ನೋಡುವುದಿದ್ದರೆ ಮಳೆಯಲ್ಲೇ ನೋಡಬೇಕು. ಗೋಡೆಗೋಡೆಗೂ ಪಾಚಿ ಹತ್ತಿ ಇಡೀ ಕೋಟೆ ಹಸಿರಾಗಿರುತ್ತದೆ. ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ ಜಾಗ ಅದು. ಇಷ್ಟೆಲ್ಲ ಇರುವಾಗ ಮುಚ್ಚಿದ ದ್ವೀಪವನ್ನೇ ಯಾಕೆ ಮಾರುತ್ತೀರಿ? ಜನವರಿಗೆ ಮಾಡಿದ ಪಟ್ಟಿಯನ್ನೇ ಆಗಸ್ಟಿಗೂ ಹಾಕಿದ್ದೀರಿ, ಅಷ್ಟೇ. ತಿಂಗಳು ನೋಡುವ ಕಷ್ಟವನ್ನೂ ತೆಗೆದುಕೊಂಡಿಲ್ಲ.

ಆ ದಿನ ಸಂಜೆ ಕಾಪುವಿಗೆ ಹೋದೆವು. 1901ರಲ್ಲಿ ಕಟ್ಟಿದ ಲೈಟ್‌ಹೌಸ್, ಕೆಳಗೆ ಬಂಡೆಗೆ ಬಡಿಯುವ ಸಮುದ್ರ. ಚೆನ್ನಾಗಿತ್ತು. ಅದರ ಬಗ್ಗೆ ತಕರಾರಿಲ್ಲ.

ಈಗ ಎರಡನೇ ದಿನದ ವಿಷಯ. "ಸ್ವಇಚ್ಛೆಯಿಂದ ವಾಪಸಾದರು" ಎಂಬ ನಿಮ್ಮ ಮಾತು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಉಡುಪಿಯಿಂದ ಗೋಕರ್ಣಕ್ಕೆ ಸುಮಾರು 180 ಕಿಲೋಮೀಟರ್. ನಡುವೆ ಮೂರು ಕಡೆ ಇಳಿದು ನೋಡಿ, ರಾತ್ರಿ ಮತ್ತೆ ಉಡುಪಿಗೆ ಬರಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ಮಾತ್ರ ಆಗುವ ಕೆಲಸ. ಆರು ಗಂಟೆ ಎಂದು ನೀವೇ ಬರೆದಿದ್ದೀರಿ. ಕಾರು ಬಂದದ್ದು ಒಂಬತ್ತೂವರೆಗೆ. ಅದುವರೆಗೆ ನಿಮ್ಮ ನಂಬರಿಗೆ ಮಾಡಿದ ಒಂದು ಕರೆಯನ್ನೂ ಯಾರೂ ಎತ್ತಲಿಲ್ಲ. ಬೀಗಿತ್ತಿಯವರು ದಾರಿಗೆಂದು ಮುಂಜಾನೆಯೇ ಎದ್ದು ಕೊಟ್ಟೆ ಕಡುಬು ಮಾಡಿ ಬುತ್ತಿ ಕಟ್ಟಿದ್ದರು. ಅದನ್ನು ಇಟ್ಟುಕೊಂಡು ಜಗಲಿಯಲ್ಲೇ ಕುಳಿತಿದ್ದೆವು.

ಯಾಕೆ ತಡ ಎಂದು ಡ್ರೈವರ್ ಹುಡುಗನನ್ನು ಕೇಳಿದರೆ ಅವನಿಗೆ ಮಾತಾಡಲೂ ಶಕ್ತಿ ಇರಲಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬಂದವನು ಶನಿವಾರ ಪೂರ್ತಿ ನಮ್ಮ ಜೊತೆ ಓಡಿಸಿದ್ದಾನೆ. ಅದೇ ರಾತ್ರಿ ನಿಮ್ಮ ಕಚೇರಿಯವರು ಬೇರೆ ಪಾರ್ಟಿಯನ್ನು ಮಂಗಳೂರು ಏರ್‌ಪೋರ್ಟಿಗೆ ಬಿಟ್ಟು ಬಾ ಎಂದು ಕಳಿಸಿದ್ದಾರೆ. ನಾವು ಪೂರ್ತಿ ಹಣ ಕೊಟ್ಟು ಹಿಡಿದ ಗಾಡಿಯಲ್ಲಿ, ನಿದ್ದೆ ಮಾಡಬೇಕಾದ ಹೊತ್ತಿನಲ್ಲಿ, ಅದೇ ಹುಡುಗನಿಂದ ಇನ್ನೊಂದು ಬಾಡಿಗೆ ದುಡಿಸಿಕೊಂಡಿದ್ದೀರಿ. ಉಳಿಯಲು ಅವನಿಗೆ ರೂಮೂ ಕೊಟ್ಟಿರಲಿಲ್ಲ.

ಬೈಂದೂರು ದಾಟಿದ ಮೇಲೆ ಕಾರು ಒಮ್ಮೆ ಡಿವೈಡರ್ ಕಡೆ ವಾಲಿತು. ಮುಂದಿನ ಸೀಟಿನಲ್ಲಿದ್ದ ನಮ್ಮ ಯಜಮಾನರು ಸ್ಟೀರಿಂಗ್ ಹಿಡಿದು "ಏಯ್ ತಮ್ಮಾ!" ಎಂದು ಕೂಗಿದರು. ಹುಡುಗನ ಕಣ್ಣು ಮುಚ್ಚಿತ್ತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ದಾಟಿ ಹೋಯಿತು. ಗಾಡಿ ಬದಿಗೆ ಹಾಕಿಸಿ ಅವನ ಮುಖಕ್ಕೆ ನೀರು ಹಾಕಿಸಿದೆವು. ಚಹಾ ಕುಡಿಸಿದೆವು. ನಿಧಾನಕ್ಕೆ ಮುರುಡೇಶ್ವರ ಮುಟ್ಟಿದಾಗ ಮಧ್ಯಾಹ್ನ. ದೇವಸ್ಥಾನದ ಬಾಗಿಲು ಹಾಕಿದ್ದರು. 123 ಅಡಿಯ ಶಿವನನ್ನು ಕೆಳಗಿನಿಂದಲೇ ನೋಡಿ ಕೈ ಮುಗಿದೆವು, ರಾಜಗೋಪುರದ ಲಿಫ್ಟಿನ ಸಾಲಿನಲ್ಲಿ ನಿಲ್ಲುವ ಮನಸ್ಸೂ ಇರಲಿಲ್ಲ. ಹುಡುಗನನ್ನು ಕಾರಿನಲ್ಲೇ ಎರಡು ತಾಸು ಮಲಗಿಸಿ, ಎದ್ದ ಮೇಲೆ ಊಟ ಕೊಡಿಸಿ, ಬೆಳಕಿರುವಾಗಲೇ ಉಡುಪಿ ಕಡೆ ತಿರುಗಿಸಿದೆವು.

ಇದನ್ನೇ ಸ್ವಇಚ್ಛೆ ಎಂದು ಬರೆದಿದ್ದೀರಿ. ಜೀವ ಉಳಿಸಿಕೊಳ್ಳಲು ವಾಪಸ್ ಬಂದದ್ದು ಸ್ವಇಚ್ಛೆಯೇ? ಆ ಸ್ಥಿತಿಯಲ್ಲಿ ಗೋಕರ್ಣಕ್ಕೆ ಹೋಗಿ ರಾತ್ರಿ ಮಳೆಯಲ್ಲಿ ಅಷ್ಟು ದೂರ ವಾಪಸ್ ಬರಬೇಕಿತ್ತೇ? ನಿಮ್ಮ ತಂದೆ ತಾಯಿ ಆ ಕಾರಿನಲ್ಲಿದ್ದಿದ್ದರೆ ನೀವು ಏನು ಹೇಳುತ್ತಿದ್ದಿರಿ?

ಇನ್ನೊಂದು ವಿಷಯ. ನೀವು ಕಳಿಸಿದ ಕಾರು ವೈಟ್ ಬೋರ್ಡಿನದು. ಬಾಡಿಗೆಗೆ ಓಡಿಸುವ ಟ್ಯಾಕ್ಸಿಗೆ ಹಳದಿ ಬೋರ್ಡ್ ಇರಬೇಕು ಎಂಬುದು ನಿಮಗೆ ಗೊತ್ತಿಲ್ಲದ ಮಾತಲ್ಲ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಬಿಟ್ಟು ಬೈಂದೂರಿನ ಹತ್ತಿರ ಏನಾದರೂ ಆಗಿದ್ದರೆ ವಿಮೆಯವರು ಕೈ ಎತ್ತುತ್ತಿದ್ದರು. ಶನಿವಾರದ ಎರಡು ಕಡೆಯ ಪಾರ್ಕಿಂಗ್, ಭಾನುವಾರದ ಸಾಸ್ತಾನ ಮತ್ತು ಶಿರೂರು ಟೋಲ್ ಕೂಡ ನಾವೇ ಕಟ್ಟಿದ್ದೇವೆ. ಕಾರಿನ ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿರಲಿಲ್ಲ.

ನಾವು ಕೇಳುವುದು ಇಷ್ಟು. ದ್ವೀಪದ ಬೋಟಿಗೆಂದು ಪಡೆದ 1,200 ರೂಪಾಯಿ ವಾಪಸ್ ಕೊಡಿ. ಎರಡನೇ ದಿನಕ್ಕೆ ನೀವು ಹಾಕಿದ್ದು 7,400. ಮರವಂತೆ, ಮುರುಡೇಶ್ವರದವರೆಗೆ ಹೋಗಿದ್ದೇವೆ, ಅದರ ಹಣ ಬೇಡ. ಅರ್ಧ, ಅಂದರೆ 3,700 ಕೊಡಿ. ಟೋಲ್, ಪಾರ್ಕಿಂಗ್ ಸೇರಿ 460. ಒಟ್ಟು 5,360 ರೂಪಾಯಿ. ಕೂಪನ್ ಬೇಡ, ಹಣ ಕಟ್ಟಿದ ಖಾತೆಗೇ ಹಾಕಿ.

ಹಣದಷ್ಟೇ ಮುಖ್ಯವಾದ ಇನ್ನೆರಡು ಮಾತು. ಮಳೆಗಾಲ ಮುಗಿದು ಬೋಟ್ ಶುರುವಾಗುವವರೆಗೆ ಸೈಂಟ್ ಮೇರೀಸ್ ಹೆಸರನ್ನು ನಿಮ್ಮ ಪ್ಯಾಕೇಜಿನಿಂದ ತೆಗೆಯಿರಿ. ಈಗಾಗಲೇ ಬುಕ್ ಮಾಡಿರುವವರಿಗೆ ಫೋನ್ ಮಾಡಿ ಇದ್ದ ವಿಷಯ ಹೇಳಿ. ಹಾಗೆಯೇ, ನಮ್ಮಿಂದ ಬಾಟಾ ಎಂದು 1,000 ರೂಪಾಯಿ ಪಡೆದಿದ್ದೀರಿ. ತನ್ನ ಕೈಗೆ ಇನ್ನೂ ಏನೂ ಬಂದಿಲ್ಲ ಎಂದು ಹುಡುಗ ಹೇಳಿದ. ಅದನ್ನು ಪೂರ್ತಿ ಅವನಿಗೆ ಕೊಡಿ. ಈ ಪತ್ರದ ನೆಪ ಮಾಡಿ ಅವನನ್ನು ಕೆಲಸದಿಂದ ತೆಗೆದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ನಿದ್ದೆಗೆಟ್ಟ ಸ್ಥಿತಿಯಲ್ಲೂ ಅವನು ನಮ್ಮ ಯಜಮಾನರ ಕೈ ಹಿಡಿದೇ ಕಾರಿನಿಂದ ಇಳಿಸುತ್ತಿದ್ದ, ಹತ್ತಿಸುತ್ತಿದ್ದ. ನಮ್ಮ ದೂರು ಅವನ ಮೇಲಲ್ಲ, ಅವನನ್ನು ಹಾಗೆ ದುಡಿಸಿದವರ ಮೇಲೆ.

ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ವೈಟ್ ಬೋರ್ಡ್ ಕಾರಿನ ವಿಷಯವನ್ನು ಸಾರಿಗೆ ಇಲಾಖೆಗೆ ಬೇರೆಯಾಗಿ ಬರೆಯುತ್ತಿದ್ದೇವೆ.

ಇಂತಿ,
ನಿಮ್ಮ ಗ್ರಾಹಕರು
(ದಂಪತಿಯ ಸಹಿ)

ಲಗತ್ತು: ಹಣ ಕಟ್ಟಿದ ರಸೀದಿ, ಪ್ಯಾಕೇಜಿನ ಚೀಟಿ, "ಕನ್ಫರ್ಮ್" ಎಂಬ ವಾಟ್ಸಾಪ್ ಸಂದೇಶದ ಪ್ರತಿ, ಮಲ್ಪೆಯ ಮುಚ್ಚಿದ ಕೌಂಟರ್ ಹಾಗೂ ಕಾರಿನ ನಂಬರ್ ಪ್ಲೇಟಿನ ಫೋಟೊ, ಟೋಲ್ ಮತ್ತು ಪಾರ್ಕಿಂಗ್ ಚೀಟಿಗಳು, ಸೆಪ್ಟೆಂಬರ್ 3ರ ನಿಮ್ಮ ಮೇಲ್.