ಮಗಳಿಗೊಂದು ಪತ್ರ: ಹೋದವರು, ಹೋಗುವುದಿಲ್ಲ ಎಂದವರು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮಗ ಸೈನ್ಯಕ್ಕೆ ಹೋಗುವುದಿಲ್ಲ ಎನ್ನುತ್ತಾನೆ, ಏನು ಹೇಳಲಿ ಎಂದು ನೀನು ಫೋನಿನಲ್ಲಿ ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲವೆಂದು ಬೇಸರಪಟ್ಟುಕೊಳ್ಳಬೇಡ. ಪಕ್ಕದಲ್ಲಿ ನಿಮ್ಮಮ್ಮ ಕೂತಿದ್ದಳು. ಯುದ್ಧದ ಮಾತೆತ್ತಿದರೆ ಅವಳು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ, ನಿನಗೆ ಗೊತ್ತಲ್ಲ. ಅದೂ ಅಲ್ಲದೆ ಇದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಮೊಮ್ಮಗನಿಗೆ ಹದಿನೆಂಟು ತುಂಬಿತು, ಅಮೆರಿಕದ ಕಾನೂನಿನ ಪ್ರಕಾರ, ಬೇಕಾದಾಗ ಸೈನ್ಯಕ್ಕೆ ಕರೆಯಲು ಹುಡುಗರ ಪಟ್ಟಿ ಇಡುವ ಸೆಲೆಕ್ಟಿವ್ ಸರ್ವಿಸ್‌ನಲ್ಲಿ ಹೆಸರು ನೋಂದಾಯಿಸಬೇಕು. ಹೆಸರು ಬರೆಸುತ್ತೇನೆ, ಆದರೆ ಕರೆದರೆ ಹೋಗುವುದಿಲ್ಲ ಎಂದು ಅವನು ಊಟದ ಹೊತ್ತಿನಲ್ಲಿ ಹೇಳಿದ. ಅಳಿಯಂದಿರಿಗೆ ಸಿಟ್ಟು ಬಂತು, 'ನಿನ್ನ ತಾತ ಎಪ್ಪತ್ತೊಂದರ ಯುದ್ಧದಲ್ಲಿ ನೆಲದಲ್ಲಿ ಹುಗಿದ ಸಿಡಿಯುವ ಮೈನ್ ತೆಗೆದವರು, ಅವರ ಮುಖ ನೋಡಿ ಹೇಳು' ಎಂದರು. ನನ್ನ ಮೊದಲ ಮಾತೇ ಇದು: ಆ ಹುಡುಗನನ್ನು ಹೊಡೆಯಲು ನನ್ನನ್ನು ಕೋಲು ಮಾಡಿಕೊಳ್ಳಬೇಡಿ. ಅವನು ನನ್ನ ಮುಖ ನೋಡಿಯೇ ಹೇಳಲಿ. ನಾನು ಕೇಳಿಸಿಕೊಳ್ಳುತ್ತೇನೆ.

ನಾನು ಸೈನ್ಯಕ್ಕೆ ಸೇರಿದ್ದು 1968ರಲ್ಲಿ, ಬೆಂಗಳೂರಿನ ಹಲಸೂರಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯ ಕೇಂದ್ರದಲ್ಲಿ. ದೇಶಪ್ರೇಮದಿಂದ ಎಂದು ಶಾಲೆಯ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಮನೆಯಲ್ಲಿ ಸಾಲವಿತ್ತು, ಸತತ ಮಳೆ ಕೈಕೊಟ್ಟಿತ್ತು. ಮೂರು ಹೊತ್ತು ಊಟ ಹಾಕಿ ಸಂಬಳವನ್ನೂ ಕೊಡುವ ಜಾಗ ಬೇರೆ ಕಾಣಲಿಲ್ಲ. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ಸ್ವತಂತ್ರ ಭಾರತದಲ್ಲಿ ಕಡ್ಡಾಯ ಸೇನಾ ಭರ್ತಿ ಎಂಬುದು ಇದ್ದೇ ಇಲ್ಲ. ಹಾಗಾಗಿ, ಬಲವಂತದಿಂದ ಕರೆಸಿಕೊಂಡವನ ಸಂಕಟ ನನ್ನದಲ್ಲ. ಅದನ್ನು ನಾನು ನಿಮ್ಮ ಊರಿಗೆ ಬಂದಾಗ ಬೇರೆಯವರ ಬಾಯಿಂದ ಕೇಳಿ ತಿಳಿದುಕೊಂಡೆ.

ನಿಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಮುದುಕರ ಗುಂಪು ನಿನಗೆ ನೆನಪಿರಬೇಕು. ನನ್ನ ಮುರುಕು ಇಂಗ್ಲಿಷಿಗೆ ಅವರು ನಗಲಿಲ್ಲ, ಅದಕ್ಕೇ ನಾನು ಅವರಿಗೆ ಅಂಟಿಕೊಂಡೆ. ಅವರಲ್ಲಿ ಒಬ್ಬ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಅವನ ಪಕ್ಕದಲ್ಲೇ ನಡೆಯುತ್ತಿದ್ದವನು ಹೋಗುವುದಿಲ್ಲ ಎಂದವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಬೇಸ್‌ಬಾಲ್ ವಿಷಯಕ್ಕೆ ಜಗಳವಾಡುತ್ತಾರೆ. ಎಪ್ಪತ್ತೊಂದರಲ್ಲಿ ನಾನೂ ಯುದ್ಧಕ್ಕೆ ಹೋಗಿದ್ದೆ ಎಂದು ಗೊತ್ತಾದ ಮೇಲೆ ಇಬ್ಬರೂ ನನ್ನ ಹತ್ತಿರ ಬೇರೆ ಬೇರೆಯಾಗಿ ಮಾತಾಡಿದರು.

ಹೋದವನನ್ನು 1968ರಲ್ಲಿ ಡ್ರಾಫ್ಟಿನಲ್ಲಿ, ಅಂದರೆ ಕಡ್ಡಾಯ ಭರ್ತಿಯಲ್ಲಿ, ಕರೆದರು, ನಾನು ಹಲಸೂರಿನಲ್ಲಿ ಕವಾಯತು ಕಲಿಯುತ್ತಿದ್ದ ವರ್ಷವೇ. ಅವರ ಸೈನ್ಯದ ಪದ್ಧತಿ ನನಗೆ ವಿಚಿತ್ರವೆನಿಸಿತು. ಒಬ್ಬೊಬ್ಬನನ್ನೇ ಬೇರೆ ಬೇರೆಯಾಗಿ ಒಂದು ವರ್ಷದ ಅವಧಿಗೆ ಕಳುಹಿಸುವುದು, ಅವಧಿ ಮುಗಿದ ಕೂಡಲೇ ಒಬ್ಬನೇ ವಿಮಾನ ಹತ್ತಿ ವಾಪಸು ಬರುವುದು. ಗುರುತು ಪರಿಚಯವಿಲ್ಲದ ಪಲ್ಟನ್ನಿಗೆ ಹೋಗಿ ಸೇರಬೇಕು. ಅಲ್ಲಿ ಹೊಂದಿಕೊಳ್ಳುವಷ್ಟರಲ್ಲಿ ಜೊತೆಗಾರರಲ್ಲಿ ಕೆಲವರು ಸತ್ತಿರುತ್ತಾರೆ, ಕೆಲವರ ಸರದಿ ಮುಗಿದಿರುತ್ತದೆ. ಅವನು ಕಾಡಿನಿಂದ ಹೊರಟ ಕೆಲವೇ ದಿನಗಳಲ್ಲಿ ತಾಯಿಯ ಅಡುಗೆಮನೆಯಲ್ಲಿ ಕೂತಿದ್ದನಂತೆ. ಏನಾಯಿತೆಂದು ಹೇಳಿಕೊಳ್ಳಲು ಅದನ್ನು ಕಂಡ ಒಬ್ಬನೂ ಆ ಊರಿನಲ್ಲಿರಲಿಲ್ಲ. ನಾವಾದರೋ ಪಲ್ಟನ್ನಿನ ಜೊತೆಗೇ ಹೋದೆವು, ಜೊತೆಗೇ ಬಂದೆವು. ಚಾಮರಾಜನಗರದಲ್ಲಿ ಬಸ್ ಇಳಿದಾಗ ನಮ್ಮ ಊರಿಗೆ ಊರೇ ನಿಂತಿತ್ತು.

ಗೆದ್ದ ಯುದ್ಧದ ಸಿಪಾಯಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಮಗಳೇ. ನಮ್ಮದು ಹದಿಮೂರು ದಿನದ ಯುದ್ಧ. ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು, ಕಾರಣ ಕಣ್ಣಿಗೆ ಕಾಣುವಂತಿತ್ತು. ಹಾಗಿದ್ದರೂ ಪಶ್ಚಿಮ ಗಡಿಯ ಶಕರ್‌ಗಢದ ಆ ಡಿಸೆಂಬರ್ ರಾತ್ರಿ ಬಸಂತರ್ ನದಿಯ ಹತ್ತಿರ ಹೊಟ್ಟೆಯ ಮೇಲೆ ಮಲಗಿ, ಚೂಪು ಕಂಬಿಯನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತಾ ಹೋಗುವಾಗ ಬಾಂಗ್ಲಾದೇಶವೂ ತಲೆಯಲ್ಲಿರಲಿಲ್ಲ, ಭಾರತವೂ ಇರಲಿಲ್ಲ. ಕಂಬಿಯನ್ನು ನೆಟ್ಟಗೆ ಚುಚ್ಚಬಾರದು, ಮೈನಿನ ತಲೆಗೆ ತಾಗುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗುತ್ತದೆ. ತಾಗಿದ ಕೂಡಲೇ ಬೆರಳಿನಿಂದ ಮಣ್ಣು ಸರಿಸಬೇಕು. ಚಳಿಗೆ ಬೆರಳಿನ ತುದಿ ಮರಗಟ್ಟಿ, ಕಲ್ಲು ಯಾವುದು ಕಬ್ಬಿಣ ಯಾವುದು ತಿಳಿಯುತ್ತಿರಲಿಲ್ಲ. ನನ್ನ ಹಿಂದೆ ಟ್ಯಾಂಕುಗಳು ಕಾಯುತ್ತಿದ್ದವು. ಅಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಎಡಗಡೆ ಮಲಗಿದ್ದ ಜೊತೆಗಾರ. ಅವನು ಎದ್ದು ಓಡಲಿಲ್ಲ, ಆದ್ದರಿಂದ ನಾನೂ ಓಡಲಿಲ್ಲ. ಇಷ್ಟೇ. ನನ್ನ ಶೌರ್ಯದ ಬಗ್ಗೆ ಅಳಿಯಂದಿರು ಮೊಮ್ಮಗನಿಗೆ ಹೇಳುವುದಾದರೆ ಇಷ್ಟನ್ನೇ ಹೇಳಲಿ.

ಇನ್ನು ಹೋಗುವುದಿಲ್ಲ ಎಂದವನ ವಿಷಯ. ಅವನು ಬೇರೆ ಕೆಲವರಂತೆ ಕೆನಡಾಕ್ಕೆ ಓಡಲಿಲ್ಲ. ಯಾವ ಯುದ್ಧದಲ್ಲೂ ಕೊಲ್ಲಲಾರೆ ಎಂದು ತನ್ನ ಊರಿನ ಡ್ರಾಫ್ಟ್ ಮಂಡಳಿಗೆ ಬರೆದುಕೊಟ್ಟ. ಮಂಡಳಿಯೆಂದರೆ ಊರಿನ ದೊಡ್ಡ ಮನುಷ್ಯರೇ. ಕ್ವೇಕರ್, ಮೆನೊನೈಟ್ ಎಂಬ ಕ್ರೈಸ್ತ ಪಂಥದವರಾದರೆ ಮಂಡಳಿಗಳು ಹೆಚ್ಚು ಕೆದಕುತ್ತಿರಲಿಲ್ಲ, ಅವರು ಶತಮಾನಗಳಿಂದ ಶಸ್ತ್ರ ಹಿಡಿಯದವರು. ಇವನು ಯಾವ ಚರ್ಚಿಗೂ ಸೇರಿದವನಲ್ಲ. 'ನಿನ್ನ ಅಜ್ಜಿಯ ಮೇಲೆ ಯಾರಾದರೂ ಕೈಮಾಡಿದರೆ ಸುಮ್ಮನಿರುತ್ತೀಯಾ' ಎಂದು ಕೇಳಿದರಂತೆ. ಆ ಕಾಲದಲ್ಲಿ ಹಲವು ಮಂಡಳಿಗಳು ಕೇಳುತ್ತಿದ್ದ ಪ್ರಶ್ನೆ ಅದು. ಮೊದಲು ಅರ್ಜಿ ತಳ್ಳಿಹಾಕಿದರು. ಧರ್ಮದ ಹೆಸರಿಲ್ಲದ ನೈತಿಕ ನಂಬಿಕೆಯೂ ಸಾಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1970ರಲ್ಲಿ ಹೇಳಿದ ಮೇಲೆ ಇವನದೂ ಊರ್ಜಿತವಾಯಿತು. ಬದಲಿ ಸೇವೆಯೆಂದು ಎರಡು ವರ್ಷ ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸಿದ, ಮಲಮೂತ್ರ ತೆಗೆದ, ಹೆಣ ಸಾಗಿಸಿದ. ಅವನ ಅಪ್ಪ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. ಆ ಎರಡು ವರ್ಷ ಮಗನ ಜೊತೆ ಮಾತಾಡಲಿಲ್ಲ. ಆಮೇಲೂ ಹವಾಮಾನದ ವಿಷಯ ಬಿಟ್ಟು ಹೆಚ್ಚೇನೂ ಮಾತಾಡಲಿಲ್ಲವಂತೆ. ಇದನ್ನು ಅಳಿಯಂದಿರು ಎರಡು ಸಲ ಓದಲಿ.

ಅವನಂತೆ ನಿಂತವರಲ್ಲಿ ಜೈಲಿಗೆ ಹೋದವರೂ ಇದ್ದರು, ಸುಮಾರು ಮೂರು ಸಾವಿರಕ್ಕೂ ಹೆಚ್ಚು ಜನ. ಬಾಕ್ಸರ್ ಮಹಮ್ಮದ್ ಅಲಿಯ ಕತೆ ನಿನಗೂ ಗೊತ್ತು, ಆದರೆ ಅದರ ಒಂದು ತುಣುಕು ನನಗೆ ಈಚೆಗೆ ತಿಳಿಯಿತು. 1964ರಲ್ಲಿ ಸೈನ್ಯದ ಬುದ್ಧಿ ಪರೀಕ್ಷೆಯಲ್ಲಿ ಅವನನ್ನು ನಪಾಸು ಮಾಡಿದ್ದರು. ಯುದ್ಧಕ್ಕೆ ಜನ ಸಾಲದೆ 1966ರಲ್ಲಿ ಪಾಸಿನ ಮಟ್ಟ ಇಳಿಸಿದಾಗ ಅವನು ಇದ್ದಕ್ಕಿದ್ದಂತೆ ಯೋಗ್ಯನಾಗಿಬಿಟ್ಟ! 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ ಹೆಸರು ಕೂಗಿದಾಗ ಹೆಜ್ಜೆ ಮುಂದಿಡಲಿಲ್ಲ. ಐದು ವರ್ಷ ಶಿಕ್ಷೆ, ಹತ್ತು ಸಾವಿರ ಡಾಲರ್ ದಂಡ, ಚಾಂಪಿಯನ್ ಪಟ್ಟವೂ ಹೋಯಿತು. ಜಾಮೀನಿನ ಮೇಲಿದ್ದರೂ ಮೂರು ವರ್ಷಕ್ಕೂ ಮಿಕ್ಕು ರಿಂಗಿನೊಳಗೆ ಕಾಲಿಡಲಾಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಬಾಕ್ಸರನಿಗೆ ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗಿನ ವರ್ಷಗಳನ್ನು ಯಾವ ಕೋರ್ಟ್ ತಾನೇ ಹಿಂದಿರುಗಿಸೀತು?

ಅದೇ 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಶುರು ಮಾಡಿದ ಯೋಜನೆಯಡಿ, ಮೊದಲಾಗಿದ್ದರೆ ತಿರಸ್ಕೃತರಾಗುತ್ತಿದ್ದ ಸುಮಾರು ಮೂರೂವರೆ ಲಕ್ಷ ಹುಡುಗರನ್ನು ಸೈನ್ಯಕ್ಕೆ ತೆಗೆದುಕೊಂಡರು. ಬಹುಪಾಲು ಬಡವರು, ಅರೆಬರೆ ಓದು ಬಲ್ಲವರು. ಅತ್ತ ಕಾಲೇಜಿನಲ್ಲಿ ಓದುವವರಿಗೆ ಸೈನ್ಯದ ಕರೆಯಿಂದ ಮುಂದೂಡಿಕೆ ಸಿಗುತ್ತಿತ್ತು. ಮುಂದೆ ಉಪಾಧ್ಯಕ್ಷರಾಗಿ ಇರಾಕ್ ಯುದ್ಧವನ್ನು ಒತ್ತಿ ಒತ್ತಿ ಸಮರ್ಥಿಸಿದ ಡಿಕ್ ಚೇನಿ ಮುಂದೂಡಿಕೆಯನ್ನು ಐದು ಸಲ ಪಡೆದವರು, ಅದರಲ್ಲಿ ನಾಲ್ಕು ಓದಿನ ಹೆಸರಿನಲ್ಲಿ. ಅರವತ್ತರ ದಶಕದಲ್ಲಿ ತಮಗೆ ಬೇರೆ ಆದ್ಯತೆಗಳಿದ್ದವು ಎಂದು ಅವರೇ ಹೇಳಿಕೊಂಡಿದ್ದರು. ಮ್ಯಾಕ್‌ನಮಾರಾ 1995ರಲ್ಲಿ, ನಾವು ಮಾಡಿದ್ದು ಘೋರ ತಪ್ಪು ಎಂದು ಬರೆದರು. ಪಾರ್ಕಿನ ನನ್ನ ಸ್ನೇಹಿತನಿಗೆ ಕೋಪವಿರುವುದು ಇಂಥವರ ಮೇಲೆ. ಆಸ್ಪತ್ರೆಯಲ್ಲಿ ಹೆಣ ಸಾಗಿಸಿದವನ ಮೇಲಲ್ಲ. ನನ್ನದೂ ಅದೇ ಅಭಿಪ್ರಾಯ. ತನ್ನ ಮಾತಿಗೆ ತಾನೇ ಬೆಲೆ ತೆತ್ತವನು, ಬಂದೂಕು ಹಿಡಿದಿರಲಿ ಬಿಟ್ಟಿರಲಿ, ನನ್ನ ಪಂಕ್ತಿಯಲ್ಲಿ ಕೂರಬಹುದು. ತಾನು ಹೋಗದೆ ಇನ್ನೊಬ್ಬರ ಮಗನನ್ನು ಕಳುಹಿಸಿದವನಿಗೆ ಮಾತ್ರ ಎಲೆ ಹಾಕಲಾರೆ.

ಮುಂದೂಡಿಕೆಯ ಅನ್ಯಾಯ ಜನರ ಬಾಯಿಗೆ ಬಿದ್ದ ಮೇಲೆ ಲಾಟರಿ ಬಂತು. 1969ರ ಡಿಸೆಂಬರ್ 1ರ ರಾತ್ರಿ ವಾಷಿಂಗ್ಟನ್ನಿನಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ, ವರ್ಷದ 366 ತಾರೀಖುಗಳನ್ನು ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು ಗಾಜಿನ ಜಾಡಿಗೆ ಸುರಿದು ಒಂದೊಂದಾಗಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಅಂದು ಹುಟ್ಟಿದವರ ಸರದಿ ಮೊದಲು. 1944ರಿಂದ 1950ರವರೆಗೆ ಹುಟ್ಟಿದವರಿಗೆಲ್ಲ ಅದು ಅನ್ವಯ. ಗುಳಿಗೆಗಳನ್ನು ಸರಿಯಾಗಿ ಕಲಸಿರಲಿಲ್ಲವಾದ್ದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಸಣ್ಣ ಸಂಖ್ಯೆಗಳೇ ಹೆಚ್ಚಾಗಿ ಬಿದ್ದವು. ಚೀಟಿ ಎತ್ತುವುದರಲ್ಲೂ ನ್ಯಾಯ ಸಿಗಲಿಲ್ಲ ನೋಡು.

ನಾನು 1950ರಲ್ಲಿ ಹುಟ್ಟಿದವನು, ಆ ಲೆಕ್ಕದ ಕೊನೆಯ ವರ್ಷ. ಕುತೂಹಲಕ್ಕೆ ಮೊಮ್ಮಗನ ಕೈಯಲ್ಲಿ ಆ ಪಟ್ಟಿ ತೆಗೆಸಿ ನೋಡಿದೆ. ನನ್ನ ಜನ್ಮದಿನ ಜೂನ್ 1. ನಮ್ಮ ಕಾಲದ ಅರ್ಧ ಊರಿನ ಜನ್ಮದಿನವೂ ಅದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೂತಲ್ಲೇ ಬರೆದದ್ದು. ನಮ್ಮವ್ವನ ಪ್ರಕಾರ ನಾನು ಹುಟ್ಟಿದ್ದು ಮುಂಗಾರಿನ ಹೊತ್ತಿಗೆ, ಅಷ್ಟೇ. ಜೂನ್ 1ಕ್ಕೆ ಬಿದ್ದ ಸಂಖ್ಯೆ 249. ಆ ಪಟ್ಟಿಯಲ್ಲಿ 195ರವರೆಗೆ ಮಾತ್ರ ಕರೆದರು, ಅಂದರೆ ನಾನು ಪಾರು. ಮೇಷ್ಟ್ರು ಜೂನ್ 4 ಎಂದು ಬರೆದಿದ್ದರೆ ನನ್ನ ಸಂಖ್ಯೆ 20. ಜೂನ್ 8 ಎಂದಿದ್ದರೆ 366, ಎಲ್ಲರಿಗಿಂತ ಕೊನೆ. ಮೊಮ್ಮಗ ಇದನ್ನು ನೋಡಿ ನಕ್ಕ, ಆಮೇಲೆ ತನ್ನ ತಾರೀಖನ್ನೂ ಹುಡುಕಿದ. ಎಷ್ಟು ಬಂತೆಂದು ನನಗೂ ಹೇಳಲಿಲ್ಲ, ಕೇಳಲೂ ನನಗೆ ಮನಸ್ಸಾಗಲಿಲ್ಲ. ಅವನ ತಲೆಯಲ್ಲಿ ಈ ವಿಚಾರ ಹೊಕ್ಕದ್ದು ಅಂದೇ ಇರಬೇಕು. ಅಳಿಯಂದಿರು ಬೈಯುವುದಾದರೆ ನನ್ನನ್ನೇ ಬೈಯಲಿ.

ನೀವೆಲ್ಲ ನನ್ನನ್ನು ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಆ ಕಪ್ಪು ಗೋಡೆಗೆ ಕರೆದುಕೊಂಡು ಹೋದಿರಲ್ಲ, ಅಲ್ಲಿ ನಾನು ಮೊದಲು ಗಮನಿಸಿದ್ದು ಹೆಸರುಗಳನ್ನಲ್ಲ, ಕಲ್ಲನ್ನು. ಕರಿಕಲ್ಲಿನ ಸೀಮೆಯಲ್ಲಿ ಹುಟ್ಟಿದವನ ಕಣ್ಣು ತಪ್ಪುವುದಿಲ್ಲ. ಬೆಂಗಳೂರಿನಿಂದ ಹೋದ ಕಲ್ಲು ಅದು. ಅಮೆರಿಕದಲ್ಲಿ ಕೊಯ್ದು, ಹೊಳಪು ಕೊಟ್ಟು, ಹೆಸರು ಕೆತ್ತಿ, 1982ರ ನವೆಂಬರಿನಲ್ಲಿ ಸಮರ್ಪಣೆ ಮಾಡಿದರು. 1981ರಲ್ಲಿ ವಿನ್ಯಾಸ ಆಯ್ಕೆಯಾದಾಗ ಅದನ್ನು ಮಾಡಿದ ಮಾಯಾ ಲಿನ್ ಇಪ್ಪತ್ತೊಂದರ ವಿದ್ಯಾರ್ಥಿನಿ. ಒಳ್ಳೆಯ ಕಲ್ಲು ಸ್ವೀಡನ್ನಿನಲ್ಲೂ ಇತ್ತು, ಕೆನಡಾದಲ್ಲೂ ಇತ್ತು. ಬೇಡವೆಂದರು. ಯುದ್ಧ ಒಲ್ಲೆವೆಂದ ಹುಡುಗರಿಗೆ ಆಶ್ರಯ ಕೊಟ್ಟ ದೇಶಗಳು ಅವು ಎಂಬುದೇ ಕಾರಣ. ಯುದ್ಧ ಮುಗಿದ ಮೇಲೂ ಕಲ್ಲಿನ ಮೇಲೆ ಅಷ್ಟು ಹಟ! ಆ ಹಟದಿಂದಾಗಿಯೇ ನಮ್ಮ ಸೀಮೆಯ ಕಲ್ಲಿಗೆ 58,000ಕ್ಕೂ ಮಿಕ್ಕ ಹೆಸರು ಹೊರುವ ಕೆಲಸ ಬಿತ್ತು. ಆ ಸತ್ತವರಲ್ಲಿ ಹತ್ತಕ್ಕೆ ಮೂವರು ಡ್ರಾಫ್ಟಿನಲ್ಲಿ ಕರೆಸಿಕೊಂಡವರು.

ಇನ್ನೊಂದು ವಿಷಯ ಹಳೆ ಸಿಪಾಯಿಯಾದ ನನ್ನ ಕಣ್ಣಿಗೆ ಬಿತ್ತು. ಹೆಸರುಗಳ ಹಿಂದೆ ಮುಂದೆ ರ‍್ಯಾಂಕ್ ಇಲ್ಲ. ಕರ್ನಲ್ ಯಾರು, ಅಡುಗೆಯವನು ಯಾರು ತಿಳಿಯುವುದಿಲ್ಲ. ಸತ್ತ ದಿನದ ಸರದಿಯಲ್ಲಿ ಹೆಸರುಗಳಿವೆ, ಹಾಗಾಗಿ ಒಂದೇ ಕಾದಾಟದಲ್ಲಿ ಬಿದ್ದವರು ಅಕ್ಕಪಕ್ಕದಲ್ಲೇ ಇದ್ದಾರೆ. ನನ್ನ ಎಡಗಡೆ ಮಲಗಿದ್ದವನ ನೆನಪು ಬಂದು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನೀನು ಮಂಡಿ ನೋವೆಂದುಕೊಂಡು ಬೆಂಚು ಹುಡುಕಲು ಹೋದೆ.

ಕಾರ್ಟರ್ ಅಧ್ಯಕ್ಷರಾದ ಮರುದಿನವೇ, 1977ರ ಜನವರಿ 21ರಂದು, ಡ್ರಾಫ್ಟ್ ಉಲ್ಲಂಘಿಸಿದವರಿಗೆ ಕ್ಷಮೆ ಕೊಟ್ಟರು. ಸೈನ್ಯಕ್ಕೆ ಸೇರಿ ಆಮೇಲೆ ಓಡಿಹೋದವರಿಗೆ ಆ ಕ್ಷಮೆ ಇರಲಿಲ್ಲ. ಮುಂಚೆಯೇ ಕಾನೂನು ತಿಳಿದು ಕೆನಡಾ ಸೇರುವಷ್ಟು ಅನುಕೂಲವಿದ್ದವನು ಮನೆಗೆ ಬಂದ. ಏನೂ ತಿಳಿಯದೆ ಹೋಗಿ, ಅಲ್ಲಿ ಕಂಡದ್ದನ್ನು ತಾಳಲಾರದೆ ಓಡಿದ ಬಡವ ಹೊರಗೇ ಉಳಿದ. ಪಾರ್ಕಿನ ಇಬ್ಬರೂ ದನಿ ಎತ್ತರಿಸದೆ ಒಪ್ಪಿದ ಒಂದೇ ವಿಷಯ ಇದು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಡ್ರಾಫ್ಟ್ 1973ರಲ್ಲೇ ನಿಂತಿದೆ, ನೋಂದಣಿಯನ್ನು 1980ರಲ್ಲಿ ಮತ್ತೆ ತಂದರು. ಹುಟ್ಟುಹಬ್ಬದ ನಂತರ ಮೂವತ್ತು ದಿನದೊಳಗೆ ಹೆಸರು ಬರೆಸಲಿ, ಇಲ್ಲದಿದ್ದರೆ ಮುಂದೆ ಕೇಂದ್ರ ಸರ್ಕಾರದ ನೌಕರಿಗೆ ತೊಂದರೆ. ಯುದ್ಧ ಒಲ್ಲೆ ಎಂದು ಗುರುತು ಹಾಕಲು ಆ ಫಾರಂನಲ್ಲಿ ಜಾಗವಿಲ್ಲ. ಕರೆ ಬಂದ ಮೇಲೆಯೇ ಅದರ ವಿಚಾರಣೆ. ಆಗ ಕೇಳುವುದು, ಇದು ನಿನ್ನ ನಂಬಿಕೆಯೋ ಹೆದರಿಕೆಯೋ, ಯಾವಾಗಿನಿಂದ ಎಂದು. ಅದಕ್ಕೆ ಅವನು ಈಗಲೇ ಕೂತು ತನ್ನ ಕಾರಣಗಳನ್ನು ತಾರೀಖು ಹಾಕಿ ಬರೆಯಲಿ. ಒಂದು ಪ್ರತಿಯನ್ನು ನನಗೆ ಕಳುಹಿಸಲಿ. ಇಂಗ್ಲಿಷಿನಲ್ಲೇ ಇದ್ದರೂ ಪರವಾಗಿಲ್ಲ, ನಿಘಂಟು ಇಟ್ಟುಕೊಂಡು ಓದುತ್ತೇನೆ. ಜಳ್ಳಾದ ಕಾರಣ ಕಂಡರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸು ಕಳುಹಿಸುತ್ತೇನೆ, ಅದರಲ್ಲಿ ರಿಯಾಯಿತಿ ಇಲ್ಲ. ಬರೆಯುತ್ತಾ ಮನಸ್ಸು ಬದಲಾಗಿ ಸೈನ್ಯಕ್ಕೇ ಸೇರುತ್ತೇನೆ ಎಂದರೆ ಅದನ್ನೂ ಬರೆಯಲಿ, ಅದಕ್ಕೂ ಕೆಂಪು ಶಾಯಿಯೇ.

ಈ ಪತ್ರವನ್ನು ಅಳಿಯಂದಿರಿಗೆ ಓದಲು ಕೊಡು. ಸಿಟ್ಟು ಬಂದರೆ ಹುಡುಗನ ಮೇಲೆ ತೀರಿಸಿಕೊಳ್ಳದೆ ನನಗೇ ಫೋನ್ ಮಾಡಲಿ. ನಮ್ಮ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಆ ಹೊತ್ತಿಗೆ ನಿಮ್ಮಮ್ಮ ದೇವಸ್ಥಾನಕ್ಕೆ ಹೋಗಿರುತ್ತಾಳೆ, ಎಷ್ಟು ಬೇಕಾದರೂ ಜಗಳವಾಡಬಹುದು.

ಇಂತಿ ನಿನ್ನ,
ಅಪ್ಪ