ಹುಲ್ಲಿನ ಲಂಗ ಹವಾಯಿಯದಲ್ಲ

ಮಾನ್ಯ ಸಂಪಾದಕರೇ,

ಹವಾಯಿಯ ಸಾಂಪ್ರದಾಯಿಕ ಹುಲಾ ನೃತ್ಯವನ್ನು ಕುರಿತ ವಸ್ತುಸಂಗ್ರಹಾಲಯ ಪ್ರದರ್ಶನದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿ ಸಂತೋಷವಾಯಿತು. ಆದರೆ ಚಿತ್ರದ ಅಡಿಬರಹವು ಹುಲ್ಲಿನ ಲಂಗವನ್ನು ಅಲ್ಲಿನ ಪ್ರಾಚೀನ ಉಡುಗೆಯೆಂದು ಹೇಳಿರುವುದು ಸರಿಯಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳ (ಇಂದಿನ ಕಿರಿಬಾಟಿ ದೇಶದ ಭಾಗ) ಕೂಲಿಕಾರರೊಂದಿಗೆ ಬಂದದ್ದು. ಅದಕ್ಕೂ ಮೊದಲು ನರ್ತಕರು ಉಡುತ್ತಿದ್ದುದು ಮರದ ಒಳತೊಗಟೆಯನ್ನು ನೆನೆಸಿ, ಬಡಿದು ತಯಾರಿಸಿದ ‘ಕಾಪಾ’ ಬಟ್ಟೆಯನ್ನು.

ಎರಡು ಸೋರೆಬುರುಡೆಗಳನ್ನು ಒಂದರ ಮೇಲೊಂದು ಕೂಡಿಸಿ, ನೆಲಕ್ಕೆ ಕುಟ್ಟುತ್ತ ಅಂಗೈಯಿಂದ ತಟ್ಟಿ ನುಡಿಸುವ ‘ಇಪು ಹೆಕೆ’, ತೆಂಗಿನ ಕಾಂಡವನ್ನು ಕೊರೆದು ಶಾರ್ಕ್ ಚರ್ಮ ಬಿಗಿದ ‘ಪಹು’ ಮದ್ದಳೆ, ಇವುಗಳ ಚಿತ್ರವನ್ನು ಪ್ರಕಟಿಸಿದ್ದರೆ ಲೇಖನಕ್ಕೆ ಹೆಚ್ಚು ಒಪ್ಪುತ್ತಿತ್ತು. ಹುಲಾದಲ್ಲಿ ಪಠಣವೇ ಮುಖ್ಯ, ಕೈಗಳು ಅದರ ಅರ್ಥವನ್ನು ತೋರುತ್ತವೆ ಎಂಬುದೂ ಬಿಟ್ಟುಹೋಗಿದೆ.

ಕ್ರೈಸ್ತ ಮತ ಸ್ವೀಕರಿಸಿದ್ದ ರಾಣಿ ಕಾಹುಮಾನು 1830ರಲ್ಲಿ ಸಾರ್ವಜನಿಕ ಹುಲಾವನ್ನು ನಿಷೇಧಿಸಿದ್ದಳು. ದೊರೆ ಕಲಾಕೌವ 1883ರ ತನ್ನ ಪಟ್ಟಾಭಿಷೇಕದಲ್ಲಿ ಅದನ್ನು ಬಹಿರಂಗವಾಗಿ ಆಡಿಸಿದಾಗ, ಕಾರ್ಯಕ್ರಮಪಟ್ಟಿಯನ್ನು ಅಚ್ಚು ಹಾಕಿದವರ ಮೇಲೆಯೇ (ಪಾಪ, ಕುಣಿದವರ ಮೇಲಲ್ಲ) ಅಶ್ಲೀಲತೆಯ ಮೊಕದ್ದಮೆ ಬಿತ್ತು. ಇಂಥ ಸಂಗತಿಗಳಿಗೂ ಸ್ಥಳ ಕೊಟ್ಟು, ಅಡಿಬರಹದ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓದುಗ, ಮೈಸೂರು