ಟೇಬಲ್ ಟೆನಿಸ್: ಪಂದ್ಯಕ್ಕಿಂತ ಮೊದಲು ಹೊಡೆತ ಕಲಿಸಿ

ಮಾನ್ಯ ಸಂಪಾದಕರೇ,

ಈ ಬೇಸಿಗೆ ರಜೆಯಲ್ಲಿ ಮಗಳನ್ನು ನಮ್ಮೂರಿನ ಟೇಬಲ್ ಟೆನಿಸ್ ಶಿಬಿರವೊಂದಕ್ಕೆ ಸೇರಿಸಿದ್ದೆ. ಮೂರನೆಯ ದಿನವೇ ಮಕ್ಕಳನ್ನು ಪಂದ್ಯಕ್ಕೆ ಇಳಿಸಿದರು. ತಿಂಗಳು ಮುಗಿಯುವಷ್ಟರಲ್ಲಿ ಅವಳು ಸ್ಮ್ಯಾಷ್ ಮಾಡಲು ಹಾತೊರೆಯುತ್ತಿದ್ದಳು, ಆದರೆ ಸತತವಾಗಿ ಹತ್ತು ಚೆಂಡುಗಳನ್ನು ಬ್ಯಾಟ್ ಹಿಡಿದ ಕೈಯ ಬದಿಯಿಂದ ಹೊಡೆಯುವ ಫೋರ್‌ಹ್ಯಾಂಡ್‌ನಲ್ಲಿ ಮೇಜಿನ ಮೇಲೆ ಬೀಳಿಸಲು ಅವಳಿಗೆ ಆಗುತ್ತಿರಲಿಲ್ಲ. ಕಾಲೇಜು ತಂಡದಲ್ಲಿ ಆಡಿದ್ದ ನನಗೆ ಇದರಿಂದ ನಿಜಕ್ಕೂ ಬೇಸರವಾಯಿತು.

ಫೋರ್‌ಹ್ಯಾಂಡ್ ಕೈಯ ಹೊಡೆತವೆಂದು ಮಕ್ಕಳು ತಿಳಿಯುತ್ತಾರೆ. ಅದು ಶುರುವಾಗುವುದು ಕಾಲಿನಿಂದ. ಬಲಗೈ ಆಟಗಾರರು ಬಲಗಾಲನ್ನು ತುಸು ಹಿಂದಿಟ್ಟು, ಮಂಡಿ ಬಾಗಿಸಿ, ಸೊಂಟವನ್ನು ಬಲಕ್ಕೆ ತಿರುಗಿಸಿ, ಪುಟಿದ ಚೆಂಡು ತನ್ನ ಪೂರ್ಣ ಎತ್ತರಕ್ಕೆ ಬಂದಾಗ ದೇಹದ ಮುಂದೆಯೇ ಅದನ್ನು ಹೊಡೆದು, ಮೈಭಾರವನ್ನು ಎಡಗಾಲಿಗೆ ದಾಟಿಸಬೇಕು; ಆಗ ಬ್ಯಾಟ್ ತಾನಾಗಿಯೇ ಹಣೆಯ ಎದುರಿಗೆ ಬಂದು ನಿಲ್ಲುತ್ತದೆ. ಕೈಯ ಹಿಂಬದಿಯನ್ನು ಚೆಂಡಿನತ್ತ ತಿರುಗಿಸಿ ಹೊಡೆಯುವ ಬ್ಯಾಕ್‌ಹ್ಯಾಂಡ್‌ನಲ್ಲಿ ಸೊಂಟಕ್ಕಿಂತ ಮುಂದೋಳು ಮತ್ತು ಮಣಿಕಟ್ಟಿನ ಕೆಲಸ ಹೆಚ್ಚು. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡರೆ ಬ್ಯಾಟ್ ಬೀಸಲು ಜಾಗವೇ ಉಳಿಯುವುದಿಲ್ಲ, ಹಿಡಿಯನ್ನು ಬಿಗಿಹಿಡಿದರೆ ಮಣಿಕಟ್ಟು ಆಡುವುದಿಲ್ಲ. ಮೊದಲ ವಾರಗಳಲ್ಲಿ ತಿದ್ದದೆ ಬಿಟ್ಟ ಈ ತಪ್ಪುಗಳನ್ನು ವರ್ಷಗಳ ನಂತರ ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ನಾನೇ ಅನುಭವಿಸಿದ್ದೇನೆ.

ಇಂದಿನ ಆಟದಲ್ಲಂತೂ ಇದು ಇನ್ನಷ್ಟು ಮುಖ್ಯ. ಚೆಂಡಿನ ವ್ಯಾಸ 2000ರಲ್ಲಿ 38ರಿಂದ 40 ಮಿ.ಮೀ.ಗೆ ಏರಿತು, 2014ರಿಂದ ಸೆಲ್ಯುಲಾಯ್ಡ್ ಬದಲು ಪ್ಲಾಸ್ಟಿಕ್ ಚೆಂಡು ಬಂತು. ಇದರಿಂದ ಸ್ಪಿನ್ (ಚೆಂಡಿನ ತಿರುಗುವಿಕೆ) ತಗ್ಗಿದ್ದು, ಬರೀ ಮಣಿಕಟ್ಟಿನ ಚಳಕ ಸಾಲದೆ ಇಡೀ ಮೈಯ ಬಲವನ್ನು ಹೊಡೆತಕ್ಕೆ ತರಬೇಕಾಗಿದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿಯ ವಿರುದ್ಧ ನಮಗೆ ದಕ್ಕಿದ ಏಕೈಕ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅದನ್ನು ನೋಡಿ ಬ್ಯಾಟ್ ಹಿಡಿಯಲು ಬರುವ ಮಕ್ಕಳಿಗೆ ಸರಿಯಾದ ಆರಂಭ ಸಿಗಬೇಕು.

ಆದ್ದರಿಂದ ಶಿಬಿರ ನಡೆಸುವವರು ಮೊದಲ ಎರಡು ವಾರವಾದರೂ ಪಂದ್ಯಗಳನ್ನು ಬದಿಗಿಟ್ಟು, ಕನ್ನಡಿಯ ಮುಂದೆ ಚೆಂಡಿಲ್ಲದೆ ಹೊಡೆತದ ಅಭ್ಯಾಸ ಮಾಡಿಸಲಿ. ನಂತರ ತರಬೇತುದಾರರು ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಒಂದರ ಹಿಂದೊಂದು ಕಳುಹಿಸಲಿ. ಕೈ ಕೂಡಿದ ಮೇಲೆ ಎಡಮೂಲೆಯಿಂದ ಒಂದು ಬ್ಯಾಕ್‌ಹ್ಯಾಂಡ್, ಅದೇ ಮೂಲೆಯಿಂದ ಒಂದು ಫೋರ್‌ಹ್ಯಾಂಡ್, ಆಮೇಲೆ ಬಲಮೂಲೆಗೆ ಓಡಿ ಇನ್ನೊಂದು ಫೋರ್‌ಹ್ಯಾಂಡ್ ಆಡಿಸುವ ಫಾಲ್ಕನ್‌ಬರ್ಗ್ ಡ್ರಿಲ್ ಕಾಲು, ಕೈ ಎರಡನ್ನೂ ಪಳಗಿಸುತ್ತದೆ. ಒಂದು ಮೇಜಿಗೆ ಹತ್ತು ಮಕ್ಕಳನ್ನು ನಿಲ್ಲಿಸಿದರೆ ಇದು ಯಾವುದೂ ಆಗದು. ನಾಲ್ವರಿಗಿಂತ ಹೆಚ್ಚು ಮಕ್ಕಳು ಬೇಡವೆಂಬುದು ನನ್ನ ವಿನಂತಿ.

— ಒಬ್ಬ ಪೋಷಕ, ಶಿವಮೊಗ್ಗ